ಹಾಲಿನ ಅಲರ್ಜಿ ಇರುವ ಮಗುವಿಗೆ ಮೊಸರು ಕೊಡಬಹುದೇ? ಹೆಪ್ಪು ಹಾಕಿದಾಗ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ

ಹಸುವಿನ ಹಾಲು ಕುಡಿದ ಸ್ವಲ್ಪ ಹೊತ್ತಿಗೇ ಮಗುವಿನ ಬಾಯಿಯ ಸುತ್ತ ಕೆಂಪಾಗುತ್ತದೆ, ಮೈಮೇಲೆ ಪಿತ್ತಗಂಧೆ ಏಳುತ್ತದೆ, ವಾಂತಿಯಾಗುತ್ತದೆ. ವೈದ್ಯರು ಹಾಲು ನಿಲ್ಲಿಸಿ ಎನ್ನುತ್ತಾರೆ. ಆದರೆ ಊರಿನಿಂದ ಅಜ್ಜಿಯ ಫೋನ್ ಬರುತ್ತದೆ: 'ಹಾಲು ಆಗದಿದ್ದರೆ ಬಿಡು, ಎರಡು ಚಮಚ ಮೊಸರನ್ನ ತಿನ್ನಿಸು. ಮೊಸರು ಯಾರಿಗೂ ಏನೂ ಮಾಡಲ್ಲ.'

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದರೂ ಮೊಸರನ್ನ, ಮಜ್ಜಿಗೆ ಇಲ್ಲದೆ ಊಟ ಮುಗಿಯದ ಕನ್ನಡಿಗರ ಮನೆಗಳಲ್ಲಿ ಇದು ತೀರಾ ಸಹಜವಾದ ಸಲಹೆ. ಇದರಲ್ಲಿ ಅರ್ಧ ಸತ್ಯವೂ ಇದೆ. ಹಾಲು ಜೀರ್ಣವಾಗದ ಕೆಲವರಿಗೆ ಮೊಸರು ನಿಜಕ್ಕೂ ಒಗ್ಗುತ್ತದೆ. ಆದರೆ ಅದೇ ಸಲಹೆ ಹಾಲಿನ ಅಲರ್ಜಿ ಇರುವ ಮಗುವಿಗೆ ಅಪಾಯ ತರಬಹುದು.

ಚಿಕ್ಕದಾಗಿ ಹೇಳುವುದಾದರೆ, ಹೆಪ್ಪು ಹಾಕಿದಾಗ ಹಾಲಿನ ಸಕ್ಕರೆ ಕಡಿಮೆಯಾಗುತ್ತದೆ, ಹಾಲಿನ ಪ್ರೋಟೀನ್ ಉಳಿಯುತ್ತದೆ. ಅಲರ್ಜಿ ಬರುವುದು ಪ್ರೋಟೀನ್‌ನಿಂದ. ಹಾಗಾಗಿ ಅಲರ್ಜಿ ಇರುವವರಿಗೆ ಮೊಸರು, ಮಜ್ಜಿಗೆ, ಲಸ್ಸಿ, ಶ್ರೀಖಂಡ್, ಪನೀರ್, ಚೀಸ್ ಎಲ್ಲವೂ ಹಾಲೇ. ಯಾವಾಗ, ಯಾವುದನ್ನು, ಎಷ್ಟು ಕೊಡಬಹುದು ಎಂಬುದು ವೈದ್ಯರು ಪರೀಕ್ಷಿಸಿ ಹೇಳಬೇಕಾದ ವಿಷಯ. ಯಾಕೆ ಹೀಗೆ? ಇಲ್ಲಿದೆ ವಿವರ.

ಎರಡು ಬೇರೆ ಬೇರೆ ತೊಂದರೆಗಳು

'ಹಾಲು ಆಗುವುದಿಲ್ಲ' ಎಂಬ ಒಂದೇ ಮಾತಿನಲ್ಲಿ ನಾವು ಎರಡು ತೊಂದರೆಗಳನ್ನು ಸೇರಿಸಿಬಿಡುತ್ತೇವೆ.

ಮೊದಲನೆಯದು ಲ್ಯಾಕ್ಟೋಸ್ ಅಸಹಿಷ್ಣುತೆ. ಹಾಲಿನಲ್ಲಿ ಸುಮಾರು ಶೇ. 4.8ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇರುತ್ತದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಬೆಳೆಯುತ್ತಾ ಹೋದಂತೆ ಅನೇಕರಲ್ಲಿ ಈ ಕಿಣ್ವ ಕಡಿಮೆಯಾಗುತ್ತದೆ. ಆಗ ಹಾಲು ಕುಡಿದರೆ ಹೊಟ್ಟೆಯುಬ್ಬರ, ಗ್ಯಾಸ್, ಭೇದಿ. ಇದು ಕಿರಿಕಿರಿ ತರುತ್ತದೆ, ಜೀವಕ್ಕೆ ಅಪಾಯ ತರುವುದಿಲ್ಲ.

ದಕ್ಷಿಣ ಭಾರತೀಯರಲ್ಲಿ ಈ ತೊಂದರೆ ಹೆಚ್ಚು. 1981ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಪರೀಕ್ಷೆಗೊಳಗಾದ ಉತ್ತರ ಭಾರತೀಯರಲ್ಲಿ ಶೇ. 27.4ರಷ್ಟು ಮಂದಿಗೆ ಲ್ಯಾಕ್ಟೋಸ್ ಒಗ್ಗದಿದ್ದರೆ, ದಕ್ಷಿಣದವರಲ್ಲಿ ಆ ಪ್ರಮಾಣ ಶೇ. 66.6 ಇತ್ತು. ಅಂದರೆ 'ನನಗೆ ಹಾಲು ಆಗಲ್ಲ, ಮೊಸರು ಆಗುತ್ತೆ' ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಅವರ ಅನುಭವ ಸುಳ್ಳಲ್ಲ. ಅದು ಲ್ಯಾಕ್ಟೋಸ್‌ಗೆ ಸಂಬಂಧಿಸಿದ ಅನುಭವ, ಅಷ್ಟೆ.

ಎರಡನೆಯದು ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ. ಇಲ್ಲಿ ತೊಡಕು ಜೀರ್ಣಕ್ರಿಯೆಯದಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯದು. ಹಾಲಿನ ಪ್ರೋಟೀನನ್ನು ಅದು ಶತ್ರು ಎಂದು ತಪ್ಪಾಗಿ ಗುರುತಿಸಿ ದಾಳಿ ಮಾಡುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹುಟ್ಟಿದ ಮೊದಲ ವರ್ಷದಲ್ಲೇ. ತಾಯಿಯ ಎದೆಹಾಲಿನಲ್ಲೂ ಲ್ಯಾಕ್ಟೋಸ್ ಧಾರಾಳವಾಗಿದೆ, ಅದನ್ನು ಶಿಶುಗಳು ಸಲೀಸಾಗಿ ಜೀರ್ಣಿಸಿಕೊಳ್ಳುತ್ತವೆ. ಹೀಗಾಗಿ ಐದಾರು ತಿಂಗಳ ಮಗುವಿಗೆ ಹಸುವಿನ ಹಾಲು ಅಥವಾ ಡಬ್ಬಿಹಾಲು ಕೊಟ್ಟ ಕೂಡಲೇ ದದ್ದು ಎದ್ದರೆ ಅದಕ್ಕೆ ಲ್ಯಾಕ್ಟೋಸ್ ಕಾರಣ ಎಂದುಕೊಳ್ಳುವುದು ತಪ್ಪು.

ಅಲರ್ಜಿ ಹೇಗೆ ಕಾಣಿಸಿಕೊಳ್ಳುತ್ತದೆ?

ಹಾಲಿನ ಅಲರ್ಜಿಯಲ್ಲೂ ಎರಡು ಬಗೆ ಇದೆ.

ತಕ್ಷಣದ ಬಗೆಯಲ್ಲಿ ಐಜಿಇ ಎಂಬ ಪ್ರತಿಕಾಯ ಕೆಲಸ ಮಾಡುತ್ತದೆ. ಹಾಲು ಹೊಟ್ಟೆಗೆ ಹೋದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿ-ಕಣ್ಣು ಊದಿಕೊಳ್ಳುವುದು, ವಾಂತಿ, ಕೆಮ್ಮು, ಉಬ್ಬಸ ಶುರುವಾಗುತ್ತದೆ. ತೀವ್ರವಾದರೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಈ ಸ್ಥಿತಿಗೆ ಅನಾಫಿಲಾಕ್ಸಿಸ್ ಎಂದು ಹೆಸರು. ಅದನ್ನು ಗುರುತಿಸಿ ವಿವರಿಸಿದ್ದಕ್ಕಾಗಿ ಫ್ರಾನ್ಸ್‌ನ ಶಾರ್ಲ್ ರಿಶೆ ಅವರಿಗೆ 1913ರ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕೆ ಕಾರಣವಾದ ಐಜಿಇ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ.

ತಡವಾದ ಬಗೆಯಲ್ಲಿ ಐಜಿಇ ಪಾತ್ರವಿಲ್ಲ. ಲಕ್ಷಣಗಳು ಕೆಲವು ಗಂಟೆಗಳ ನಂತರ ಅಥವಾ ಒಂದೆರಡು ದಿನಗಳ ಮೇಲೆ ಕಾಣಿಸುತ್ತವೆ. ಮಲದಲ್ಲಿ ರಕ್ತ ಅಥವಾ ಲೋಳೆ, ನಿಲ್ಲದ ಭೇದಿ, ತೂಕ ಏರದಿರುವುದು ಇದರ ಸೂಚನೆಗಳು. ಕೆಲವು ಶಿಶುಗಳಲ್ಲಿ ಹಾಲು ಕೊಟ್ಟ ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸುಸ್ತಾಗುತ್ತದೆ. ಈ ಬಗೆಯಲ್ಲಿ ರಕ್ತಪರೀಕ್ಷೆ, ಚರ್ಮದ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ವೈದ್ಯರು ಕೆಲವು ವಾರ ಹಾಲು ನಿಲ್ಲಿಸಿ, ಮತ್ತೆ ಕೊಟ್ಟು ನೋಡಿಯೇ ನಿರ್ಧರಿಸಬೇಕಾಗುತ್ತದೆ.

ಹಾಲಿನಲ್ಲಿ ಅಲರ್ಜಿ ತರುವುದು ಯಾವುದು?

ಹಸುವಿನ ಹಾಲಿನಲ್ಲಿ ಸುಮಾರು ಶೇ. 3.2ರಿಂದ 3.5ರಷ್ಟು ಪ್ರೋಟೀನ್ ಇದೆ. ಅದರಲ್ಲಿ ಸುಮಾರು ಶೇ. 80 ಭಾಗ ಕೇಸಿನ್. ಉಳಿದ ಶೇ. 20 ಭಾಗ ವ್ಹೇ ಪ್ರೋಟೀನ್, ಅಂದರೆ ಹಾಲು ಒಡೆದಾಗ ಬೇರ್ಪಡುವ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನ್. ವ್ಹೇಯಲ್ಲಿ ಮುಖ್ಯವಾದದ್ದು ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್. ಮನುಷ್ಯರ ದೇಹ ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಅಲರ್ಜಿ ಇರುವ ಅನೇಕರಿಗೆ ಒಂದಕ್ಕಿಂತ ಹೆಚ್ಚು ಪ್ರೋಟೀನ್‌ಗಳು ಒಗ್ಗುವುದಿಲ್ಲ.

ಈ ಎರಡರ ಸ್ವಭಾವ ಬೇರೆ. ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಉಂಡೆಯಂತೆ ಮಡಚಿಕೊಂಡಿರುತ್ತದೆ. ಜೋರಾಗಿ ಕಾಯಿಸಿದರೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಆಗ ಕೆಲವರ ಪ್ರತಿಕಾಯಗಳಿಗೆ ಅದರ ಗುರುತು ಸಿಗುವುದಿಲ್ಲ. ಕೇಸಿನ್ ಸಡಿಲವಾದ ದಾರದಂತಿರುತ್ತದೆ. ಪ್ರತಿಕಾಯಗಳು ಅದರ ಆಕಾರಕ್ಕಿಂತ ಅದರಲ್ಲಿರುವ ಅಮೈನೋ ಆಮ್ಲಗಳ ಸಾಲನ್ನೇ ಗುರುತಿಸುತ್ತವೆ. ಹೀಗಾಗಿ ಕಾಯಿಸಿದರೂ, ಹುಳಿ ಬರಿಸಿದರೂ ಕೇಸಿನ್‌ನ ಗುರುತು ಸುಲಭವಾಗಿ ಅಳಿಯುವುದಿಲ್ಲ.

ಹೆಪ್ಪು ಹಾಕಿದಾಗ ನಿಜವಾಗಿ ಆಗುವುದೇನು?

ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹಳೆಯ ಮೊಸರು ಹಾಕಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ಈ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಕಾರ್ಖಾನೆಯ ಯೋಗರ್ಟ್‌ನಲ್ಲಿ ಮುಖ್ಯವಾಗಿ ಎರಡು ಬ್ಯಾಕ್ಟೀರಿಯಾ ಬಳಸುತ್ತಾರೆ: ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್. ಎರಡನೆಯದನ್ನು 1905ರಲ್ಲಿ ಜಿನೀವಾದಲ್ಲಿ ಗುರುತಿಸಿದವರು ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್. ಆ ದೇಶದ ಹೆಸರೇ ಬ್ಯಾಕ್ಟೀರಿಯಾಕ್ಕೂ ಬಂತು. ಮನೆಯ ಹೆಪ್ಪಿನಲ್ಲಿ ಇವುಗಳ ಜೊತೆಗೆ ಅಥವಾ ಇವುಗಳ ಬದಲು ಬೇರೆ ಬ್ಯಾಕ್ಟೀರಿಯಾಗಳೂ ಇರಬಹುದು. ಒಂದು ಮನೆಯ ಮೊಸರು ಇನ್ನೊಂದು ಮನೆಯ ಮೊಸರಿನಂತಿರುವುದಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಮುಖ್ಯ ಆಹಾರ ಲ್ಯಾಕ್ಟೋಸ್. ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹೀಗೆ ಲ್ಯಾಕ್ಟೋಸ್‌ನ ಒಂದು ಭಾಗ ಕರಗುತ್ತದೆ. ಉಳಿದದ್ದನ್ನು ಒಡೆಯುವುದಕ್ಕೂ ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳು ಹೊಟ್ಟೆಯೊಳಗೆ ನೆರವಾಗುತ್ತವೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಈ ಪರಿಣಾಮವನ್ನು ಒಪ್ಪಿಕೊಂಡಿತು. ಅದಕ್ಕೆ ಇಟ್ಟ ಷರತ್ತು: ಒಂದು ಗ್ರಾಂ ಯೋಗರ್ಟ್‌ನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು.

ಈಗ ಪ್ರೋಟೀನ್‌ನ ಕಡೆ ನೋಡೋಣ. ಹುಳಿ ಹೆಚ್ಚುತ್ತಾ ಹೋಗಿ ಪಿಎಚ್ ಸುಮಾರು 4.6ಕ್ಕೆ ಇಳಿದಾಗ ಕೇಸಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಾಗುತ್ತವೆ. ಮೊಸರು ಗಟ್ಟಿಯಾಗುವುದು ಇದರಿಂದಲೇ. ಅಂದರೆ ಚಮಚದಲ್ಲಿ ಕತ್ತರಿಸುವಂತೆ ನಿಂತ ಗಡ್ಡೆ ಮೊಸರಿನ ಗಟ್ಟಿತನವೇ ಹಾಲಿನ ಕೇಸಿನ್. ಹೆಪ್ಪು ಅದನ್ನು ಕರಗಿಸಿಲ್ಲ, ಒಟ್ಟುಗೂಡಿಸಿದೆ.

ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಮುಟ್ಟುವುದೇ ಇಲ್ಲ ಎಂದಲ್ಲ. ತಮ್ಮ ಬೆಳವಣಿಗೆಗೆ ಬೇಕಾದಷ್ಟು ಕೇಸಿನ್ ಅನ್ನು ಕತ್ತರಿಸಿಕೊಳ್ಳುತ್ತವೆ. ಆದರೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹೀಗೆ ಒಡೆಯುವುದು ಒಟ್ಟು ಪ್ರೋಟೀನ್‌ನ ಬಹಳ ಸಣ್ಣ ಪಾಲು. ಹುದುಗಿಸಿದ ಹಾಲಿನಲ್ಲಿ ಪ್ರತಿಕಾಯಗಳು ಪ್ರೋಟೀನನ್ನು ಗುರುತಿಸುವ ಪ್ರಮಾಣ ಇಳಿದಿರುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆದರೆ ಆ ಇಳಿಕೆ ಯಾವ ಬ್ಯಾಕ್ಟೀರಿಯಾ, ಎಷ್ಟು ಹೊತ್ತು, ಹಾಲನ್ನು ಮೊದಲು ಎಷ್ಟು ಕಾಯಿಸಲಾಗಿತ್ತು ಎಂಬುದರ ಮೇಲೆ ನಿಂತಿದೆ. ಪ್ರಯೋಗಾಲಯದ ನಳಿಗೆಯಲ್ಲಿ ಕಂಡ ಇಳಿಕೆ ಮಗುವಿನ ದೇಹಕ್ಕೆ ಕೊಟ್ಟ ಭರವಸೆಯಲ್ಲ.

ಒಂದು ಚಮಚ ಮೊಸರಿನ ಲೆಕ್ಕ

'ಸ್ವಲ್ಪ ನೆಕ್ಕಿಸಿದರೆ ಏನಾಗುತ್ತದೆ?' ಎಂಬ ಪ್ರಶ್ನೆಗೆ ಉತ್ತರ ಅಂಕಿಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ, ಆಹಾರದ ಲೇಬಲ್‌ಗಳಲ್ಲಿ ಎಚ್ಚರಿಕೆ ಹಾಕುವುದಕ್ಕೆ ಆಧಾರವಾಗಿ ಹಾಲಿಗೆ ಶಿಫಾರಸು ಮಾಡಿದ ಪ್ರಮಾಣ 2 ಮಿಲಿಗ್ರಾಂ ಪ್ರೋಟೀನ್. ಅದಕ್ಕಿಂತ ಕಡಿಮೆ ಇದ್ದರೆ ಅಲರ್ಜಿ ಇರುವ ಬಹುಪಾಲು ಜನರಿಗೆ ತೊಂದರೆಯಾಗದು ಎಂಬುದು ಅದರ ಅರ್ಥ.

ಒಂದು ಟೀ ಚಮಚ ಎಂದರೆ ಸುಮಾರು 5 ಗ್ರಾಂ ಮೊಸರು. ಅದರಲ್ಲಿ ಶೇ. 3ರಷ್ಟು ಪ್ರೋಟೀನ್ ಎಂದುಕೊಂಡರೂ 150 ಮಿಲಿಗ್ರಾಂ ಆಯಿತು. ಆ ಮಿತಿಯ 75 ಪಟ್ಟು! ಒಂದು ಭಾಗ ಮೊಸರಿಗೆ ನಾಲ್ಕು ಭಾಗ ನೀರು ಸೇರಿಸಿ ತೆಳ್ಳಗೆ ಮಾಡಿದ ಮಜ್ಜಿಗೆಯ ಒಂದು ಚಮಚದಲ್ಲೂ ಸುಮಾರು 30 ಮಿಲಿಗ್ರಾಂ ಉಳಿಯುತ್ತದೆ. ಎಲ್ಲ ಮಕ್ಕಳೂ ಇಷ್ಟಕ್ಕೆ ಪ್ರತಿಕ್ರಿಯಿಸುವುದಿಲ್ಲ, ಕೆಲವರಿಗೆ ಹೆಚ್ಚು ಬೇಕಾಗಬಹುದು. ಆದರೆ ನಿಮ್ಮ ಮಗು ಯಾವ ಗುಂಪಿನದು ಎಂಬುದನ್ನು ಊಟದ ತಟ್ಟೆಯ ಮುಂದೆ ಕೂತು ಪರೀಕ್ಷಿಸುವಂತಿಲ್ಲ.

ಸೋಸಿದ ಮೊಸರಿನ ವಿಷಯ ಇನ್ನೂ ಮುಖ್ಯ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಚಕ್ಕಾದಿಂದ ಮಾಡುವ ಶ್ರೀಖಂಡ್, ಗ್ರೀಕ್ ಯೋಗರ್ಟ್, ಪನೀರ್ ಇವುಗಳಲ್ಲಿ ತಿಳಿನೀರು ಹೋಗಿ ಕೇಸಿನ್ ಮತ್ತಷ್ಟು ದಟ್ಟವಾಗುತ್ತದೆ.

ಅಧ್ಯಯನಗಳು ಏನು ಹೇಳುತ್ತವೆ?

ಹಾಲಿನ ಅಲರ್ಜಿ ಇರುವ ಮಕ್ಕಳಿಗೆ ಆಸ್ಪತ್ರೆಯಲ್ಲಿ, ವೈದ್ಯರ ಎದುರೇ ಯೋಗರ್ಟ್ ಕೊಟ್ಟು ನೋಡಿದ ಅಧ್ಯಯನಗಳು ಟರ್ಕಿಯಲ್ಲಿ ನಡೆದಿವೆ. ಫಲಿತಾಂಶ ಮಿಶ್ರ. ಒಂದಷ್ಟು ಮಕ್ಕಳು ಯೋಗರ್ಟ್ ತಿಂದು ಆರಾಮವಾಗಿದ್ದರು, ಉಳಿದವರಿಗೆ ಅಲರ್ಜಿಯ ಲಕ್ಷಣಗಳು ಬಂದವು. ಪಕ್ಕದ ಮನೆಯ ಮಗುವಿಗೆ ಮೊಸರು ಒಗ್ಗಿದ್ದು ನಿಮ್ಮ ಮಗುವಿಗೆ ಏಕೆ ಆಧಾರವಾಗಬಾರದು ಎಂಬುದಕ್ಕೆ ಇದೇ ಉತ್ತರ.

ಹುದುಗುವಿಕೆಗೆ ಹೆಚ್ಚು ಸಮಯ ಕೊಟ್ಟರೆ? ಇಟಲಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲಿನ ಅಲರ್ಜಿ ಇರುವ 70 ಮಕ್ಕಳಿಗೆ 36 ತಿಂಗಳು ಮಾಗಿಸಿದ ಪಾರ್ಮಿಜಾನೊ ರೆಜ್ಜಾನೊ ಚೀಸ್ ಕೊಟ್ಟು ನೋಡಿದರು. ಮೂರು ವರ್ಷ ಮಾಗುವಾಗ ಅದರ ಪ್ರೋಟೀನ್ ಬಹಳ ಮಟ್ಟಿಗೆ ಒಡೆದಿರುತ್ತದೆ. ಅರ್ಧಕ್ಕಿಂತ ತುಸು ಹೆಚ್ಚು ಮಕ್ಕಳಿಗೆ ಅದು ಒಗ್ಗಿತು, ಉಳಿದವರಿಗೆ ಆಗಲೂ ಒಗ್ಗಲಿಲ್ಲ. ಮೂರು ವರ್ಷ ಮಾಗಿದ ಚೀಸ್‌ನ ಕಥೆಯೇ ಹೀಗಿರುವಾಗ ಒಂದು ರಾತ್ರಿಯ ಮೊಸರಿನ ಮೇಲೆ ಭರವಸೆ ಇಡುವುದು ಹೇಗೆ?

ವೈದ್ಯರು ಬಳಸುವ 'ಹಾಲಿನ ಏಣಿ'ಯೂ ಇದನ್ನೇ ಹೇಳುತ್ತದೆ. ತಡವಾದ ಬಗೆಯ, ತೀವ್ರವಲ್ಲದ ಅಲರ್ಜಿ ಇರುವ ಮಕ್ಕಳಿಗೆ ಹಾಲನ್ನು ಹಂತಹಂತವಾಗಿ ಮರಳಿ ಪರಿಚಯಿಸಲು ಬ್ರಿಟನ್ನಿನ ತಜ್ಞರು ರೂಪಿಸಿದ ಕ್ರಮ ಇದು. ಆರು ಮೆಟ್ಟಿಲುಗಳ ಪ್ರಚಲಿತ ಏಣಿಯಲ್ಲಿ ಕ್ರಮವಾಗಿ ಬಿಸ್ಕತ್ತು, ಮಫಿನ್, ಪ್ಯಾನ್‌ಕೇಕ್, ಚೀಸ್, ಯೋಗರ್ಟ್, ಕೊನೆಗೆ ಹಾಲು ಬರುತ್ತವೆ. ಯೋಗರ್ಟ್ ಇರುವುದು ಐದನೆಯ ಮೆಟ್ಟಿಲಲ್ಲಿ, ಹಾಲಿಗಿಂತ ಒಂದೇ ಮೆಟ್ಟಿಲು ಕೆಳಗೆ. ನಮ್ಮಲ್ಲಿ ಮೊದಲು ಕೊಡುವ ಮೊಸರನ್ನು ಏಣಿ ಹೆಚ್ಚೂಕಡಿಮೆ ಕೊನೆಗೆ ಇಟ್ಟಿದೆ.

ಕೇಕ್ ಒಗ್ಗಿದ ಮಗುವಿಗೆ ಮೊಸರು ಯಾಕೆ ಒಗ್ಗುವುದಿಲ್ಲ?

ಏಣಿಯ ಮೊದಲ ಮೆಟ್ಟಿಲುಗಳಲ್ಲಿ ಬೇಕ್ ಮಾಡಿದ ತಿಂಡಿ ಇರುವುದಕ್ಕೆ ಕಾರಣವಿದೆ. ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲಿನ ಅಲರ್ಜಿ ಇದ್ದ 100 ಮಕ್ಕಳಿಗೆ ಹಾಲು ಹಾಕಿ ಚೆನ್ನಾಗಿ ಬೇಕ್ ಮಾಡಿದ ತಿಂಡಿ ಕೊಡಲಾಯಿತು. 68 ಮಕ್ಕಳಿಗೆ ಬೇಕ್ ಮಾಡಿದ ಹಾಲು ಒಗ್ಗಿತು, ಹಾಗೇ ಕೊಟ್ಟ ಹಾಲು ಒಗ್ಗಲಿಲ್ಲ. 23 ಮಕ್ಕಳಿಗೆ ಬೇಕ್ ಮಾಡಿದ್ದೂ ಒಗ್ಗಲಿಲ್ಲ. 9 ಮಕ್ಕಳಿಗೆ ಎರಡೂ ಒಗ್ಗಿದವು, ಅಂದರೆ ಅವರ ಅಲರ್ಜಿ ಆಗಲೇ ಹೋಗಿತ್ತು.

ಸುಮಾರು 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಅರ್ಧ ಗಂಟೆ ಬೆಂದಾಗ ಪ್ರೋಟೀನ್‌ನ ಆಕಾರ ಕೆಡುತ್ತದೆ, ಗೋಧಿ ಹಿಟ್ಟಿನೊಂದಿಗೆ ಅದು ಹೆಣೆದುಕೊಳ್ಳುತ್ತದೆ. ಒಲೆಯ ಮೇಲೆ ಹಾಲು ಉಕ್ಕಿಸುವುದು ಇದಕ್ಕೆ ಸಮವಲ್ಲ. ಹಾಗಾಗಿ 'ಕೇಕ್ ತಿಂದರೆ ಏನೂ ಆಗಲಿಲ್ಲ, ಮೊಸರೂ ಆಗುತ್ತದೆ' ಎಂಬ ತರ್ಕ ಸರಿಯಲ್ಲ. ಅದೇ ಅಧ್ಯಯನದ 23 ಮಕ್ಕಳನ್ನು ನೆನೆದರೆ, ಬೇಕ್ ಮಾಡಿದ್ದನ್ನೂ ಮನೆಯಲ್ಲಿ ತಾವಾಗಿ ಕೊಟ್ಟು ನೋಡುವುದು ಕ್ಷೇಮವಲ್ಲ.

ಮೊಸರು ಅಲರ್ಜಿಯನ್ನು ತಡೆಯುತ್ತದೆಯೇ?

ಇದು ಬೇರೆಯೇ ಪ್ರಶ್ನೆ. ಅಲರ್ಜಿ ಬರದಂತೆ ತಡೆಯುವುದು ಒಂದು, ಬಂದಿರುವ ಅಲರ್ಜಿಯ ನಡುವೆ ಅದೇ ಆಹಾರ ತಿನ್ನಿಸುವುದು ಇನ್ನೊಂದು. ಸುದ್ದಿಗಳಲ್ಲಿ, ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಜಪಾನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಶೈಶವದಲ್ಲೇ ಯೋಗರ್ಟ್ ತಿಂದ ಮಕ್ಕಳಲ್ಲಿ ಐದನೇ ವಯಸ್ಸಿಗೆ ಎಸ್ಜಿಮಾ ಮತ್ತು ಆಹಾರದ ವಿರುದ್ಧದ ಪ್ರತಿಕಾಯಗಳು ಕಡಿಮೆ ಇದ್ದವು. ಆದರೆ ಇದು ಗಮನಿಸಿದ ಅಧ್ಯಯನ. ಯೋಗರ್ಟ್‌ನಿಂದಲೇ ಹೀಗಾಯಿತು ಎಂದು ಇದರಿಂದ ಖಚಿತವಾಗಿ ಹೇಳಲಾಗದು.

ಫ್ರಾನ್ಸ್‌ನಲ್ಲಿ ಅಲರ್ಜಿಯ ಅಪಾಯ ಹೆಚ್ಚಿದ್ದ 129 ಶಿಶುಗಳ ಮೇಲೆ ನಡೆದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೆಲವು ಶಿಶುಗಳಿಗೆ ಹುದುಗಿಸಿದ ಡಬ್ಬಿಹಾಲು, ಉಳಿದವರಿಗೆ ಸಾಮಾನ್ಯ ಡಬ್ಬಿಹಾಲು. ಹುದುಗಿಸಿದ ಹಾಲು ಕುಡಿದವರಲ್ಲಿ ಚರ್ಮದ ಪರೀಕ್ಷೆಯಲ್ಲಿ ಹಾಲಿಗೆ ಪ್ರತಿಕ್ರಿಯೆ ತೋರಿದವರು ಶೇ. 1.7 ಮಾತ್ರ, ಇನ್ನೊಂದು ಗುಂಪಿನಲ್ಲಿ ಶೇ. 12.5. ಆದರೆ ನಿಜವಾಗಿ ಹಾಲಿನ ಅಲರ್ಜಿ ಬಂದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪ್ರೊಬಯಾಟಿಕ್ ಪುಡಿಗಳ ಕಥೆಯೂ ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 119 ಶಿಶುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಶೇಷ ಡಬ್ಬಿಹಾಲಿಗೆ ಎರಡು ಬಗೆಯ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸಿದ್ದರಿಂದ ಅಲರ್ಜಿ ಬೇಗ ಹೋಗಲಿಲ್ಲ. ಇನ್ನೊಂದು ಬ್ಯಾಕ್ಟೀರಿಯಾ ಬಳಸಿದ ಇಟಲಿಯ ಸಂಶೋಧಕರು ಒಳ್ಳೆಯ ಫಲಿತಾಂಶ ವರದಿ ಮಾಡಿದ್ದಾರೆ. ಒಂದು ಮಾತು ನೆನಪಿರಲಿ: ಕೆಲವು ಪ್ರೊಬಯಾಟಿಕ್‌ಗಳಲ್ಲೇ ಹಾಲಿನ ಪ್ರೋಟೀನ್‌ನ ಅಂಶ ಇರಬಹುದು. ಔಷಧಿ ಅಂಗಡಿಯಿಂದ ತಂದು ಹಾಗೆಯೇ ಕೊಡಬೇಡಿ.

ಎಮ್ಮೆ, ಮೇಕೆ ಹಾಲು ಕೊಟ್ಟರೆ?

ಹಸುವಿನದ್ದು ಆಗದಿದ್ದರೆ ಎಮ್ಮೆಯದ್ದು, ಮೇಕೆಯದ್ದು ಎಂಬ ಸಲಹೆಯೂ ಸಾಮಾನ್ಯ. ಈ ಪ್ರಾಣಿಗಳ ಹಾಲಿನ ಪ್ರೋಟೀನ್‌ಗಳು ಒಂದನ್ನೊಂದು ಬಹಳ ಹೋಲುತ್ತವೆ, ಪ್ರತಿಕಾಯಗಳು ವ್ಯತ್ಯಾಸ ಮಾಡುವುದಿಲ್ಲ. ಇಟಲಿಯಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಸುವಿನ ಹಾಲಿನ ಅಲರ್ಜಿ ಇದ್ದ 26 ಮಕ್ಕಳ ಪೈಕಿ 24 ಮಕ್ಕಳಿಗೆ ಮೇಕೆ ಹಾಲೂ ಒಗ್ಗಲಿಲ್ಲ. ಎಮ್ಮೆ ಹಾಲಿನ ಮೊಸರಿಗೂ ಇದೇ ಮಾತು ಅನ್ವಯಿಸುತ್ತದೆ. ಎ2 ಹಾಲು ಎಂದು ಮಾರುವ ಹಾಲಿನಲ್ಲೂ ಕೇಸಿನ್, ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್ ಇವೆ. 'ಲ್ಯಾಕ್ಟೋಸ್ ಫ್ರೀ' ಹಾಲಿನಲ್ಲಿ ಇಲ್ಲದಿರುವುದು ಸಕ್ಕರೆ ಮಾತ್ರ, ಪ್ರೋಟೀನ್ ಪೂರ್ತಿ ಇರುತ್ತದೆ.

ರಕ್ತಪರೀಕ್ಷೆಯ ವರದಿಯೊಂದೇ ಸಾಲದು

ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು. ಅಲರ್ಜಿ ಇಲ್ಲದಿದ್ದರೂ ವರದಿ ನೋಡಿ ಹಾಲು, ಮೊಸರು ಎಲ್ಲವನ್ನೂ ಬಿಡಿಸುವುದು. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್-ಇಂಕೋ ಸಮೀಕ್ಷೆ ಇಲ್ಲಿ ಕಣ್ತೆರೆಸುವಂತಿದೆ. ಯಾವುದಾದರೂ ಆಹಾರದ ವಿರುದ್ಧ ಐಜಿಇ ಪ್ರತಿಕಾಯ ಇದ್ದವರು ಶೇ. 26.5. ಆದರೆ ನಿಜವಾಗಿ ಆಹಾರದ ಅಲರ್ಜಿ ಇರುವ ಸಾಧ್ಯತೆ ಕಂಡದ್ದು ಶೇ. 1.2ರಷ್ಟು ಮಂದಿಯಲ್ಲಿ ಮಾತ್ರ. ಅದರಲ್ಲಿ ಮುಂದಿದ್ದದ್ದು ಹಾಲು ಮತ್ತು ಸೇಬು, ತಲಾ ಶೇ. 0.5.

ಅಂದರೆ ವರದಿಯಲ್ಲಿ 'ಪಾಸಿಟಿವ್' ಬಂದ ಮಾತ್ರಕ್ಕೆ ಅಲರ್ಜಿ ಎಂದಲ್ಲ. ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬ ವಿವರವೇ ಮುಖ್ಯ. ಸಂಶಯ ಇದ್ದರೆ ವೈದ್ಯರ ನಿಗಾದಲ್ಲಿ ಆಹಾರ ಕೊಟ್ಟು ನೋಡುವ ಪರೀಕ್ಷೆಯೇ ಕೊನೆಯ ಮಾತು. ಐಜಿಜಿ ಪ್ರತಿಕಾಯ ನೋಡಿ 'ನಿಮಗೆ ಇಷ್ಟೊಂದು ಆಹಾರ ಆಗುವುದಿಲ್ಲ' ಎಂದು ಪಟ್ಟಿ ಕೊಡುವ ಪರೀಕ್ಷೆಗಳನ್ನು ಅಲರ್ಜಿ ತಜ್ಞರು ಒಪ್ಪುವುದಿಲ್ಲ.

ಹಾಗಾದರೆ ಮಗುವಿಗೆ ಕೊಡುವುದೇನು?

- ಎದೆಹಾಲು ನಿಲ್ಲಿಸಬೇಡಿ. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಲಕ್ಷಣಗಳು ಕಂಡರೆ, ತಾಯಿ ಕೆಲವು ವಾರ ಹಾಲು-ಮೊಸರು ಬಿಡಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ. ಬಿಡುವುದಾದರೆ ತಾಯಿಗೆ ಕ್ಯಾಲ್ಸಿಯಂ ಮಾತ್ರೆ ಬೇಕಾಗುತ್ತದೆ.
- ಎದೆಹಾಲು ಸಾಲದ ಶಿಶುಗಳಿಗೆ ಹಾಲಿನ ಪ್ರೋಟೀನನ್ನು ಚೂರುಚೂರಾಗಿ ಒಡೆದು ಮಾಡಿದ ವಿಶೇಷ ಡಬ್ಬಿಹಾಲು ಇದೆ. ಇದು ಹೆಪ್ಪು ಹಾಕಿದಂತಲ್ಲ. ಅಲರ್ಜಿ ಇರುವ ಶಿಶುಗಳಲ್ಲಿ ಕನಿಷ್ಠ ಶೇ. 90ರಷ್ಟು ಮಂದಿಗೆ ಒಗ್ಗುತ್ತದೆ ಎಂದು ಸಾಬೀತಾಗಬೇಕೆಂಬ ಮಾನದಂಡ ಇದಕ್ಕಿದೆ. ಅದೂ ಒಗ್ಗದಿದ್ದರೆ ಅಮೈನೋ ಆಮ್ಲಗಳ ಡಬ್ಬಿಹಾಲು.
- ಸೋಯಾ ಡಬ್ಬಿಹಾಲನ್ನು ಸಾಮಾನ್ಯವಾಗಿ ಆರು ತಿಂಗಳ ಮೊದಲು ಸೂಚಿಸುವುದಿಲ್ಲ. ಬಾದಾಮಿ, ಓಟ್ಸ್, ತೆಂಗಿನ 'ಹಾಲು'ಗಳು ಶಿಶುವಿನ ಮುಖ್ಯ ಆಹಾರವಾಗಲಾರವು.
- ದೊಡ್ಡ ಮಕ್ಕಳಿಗೆ ರಾಗಿ ಒಳ್ಳೆಯ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಗಂಜಿಗೆ ಮಾತ್ರ ಹಾಲು, ಮಜ್ಜಿಗೆ ಬೆರೆಸದಿರಿ.
- ಸಸ್ಯಾಹಾರಿ ಮನೆಗಳಲ್ಲಿ ವಿಟಮಿನ್ ಬಿ12 ಬರುವುದು ಬಹುಪಾಲು ಹಾಲು-ಮೊಸರಿನಿಂದ. ಅವುಗಳನ್ನು ಬಿಟ್ಟಾಗ ಬಿ12 ಪೂರಕ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಹಸಿರು ಚುಕ್ಕೆ ನೋಡಿ ಮೋಸಹೋಗಬೇಡಿ

ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ, ಹಾಲಿಲ್ಲದ ಆಹಾರ ಎಂದಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿ ಹಾಲೂ ಇದೆ, ಅದನ್ನು ಲೇಬಲ್‌ನಲ್ಲಿ ಪ್ರತ್ಯೇಕವಾಗಿ ತಿಳಿಸಬೇಕು. ಹಾಲಿನ ಪುಡಿ, ವ್ಹೇ, ಕೇಸಿನೇಟ್, ಮಿಲ್ಕ್ ಸಾಲಿಡ್ಸ್ ಎಂಬ ಪದಗಳನ್ನು ಹುಡುಕಿ. ಬಿಸ್ಕತ್ತು, ಬ್ರೆಡ್, ಚಿಪ್ಸ್‌ನ ಮಸಾಲೆಯಲ್ಲೂ ಇವು ಇರಬಹುದು.

ಹೋಟೆಲ್‌ನಲ್ಲಿ, ಮದುವೆ ಊಟದಲ್ಲಿ ಲೇಬಲ್ ಇರುವುದಿಲ್ಲ. ರವೆ ಇಡ್ಲಿ, ಮೊಸರು ಕೋಡುಬಳೆ, ಮಜ್ಜಿಗೆ ಹುಳಿ, ತಂಬುಳಿ, ಕಢಿ, ಢೋಕ್ಲಾ, ನಾನ್, ಮೊಸರಿನಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಇವೆಲ್ಲದರಲ್ಲೂ ಮೊಸರು ಅಥವಾ ಮಜ್ಜಿಗೆ ಇರುವುದುಂಟು. ತುಪ್ಪ ಬಹುಪಾಲು ಕೊಬ್ಬು, ಆದರೂ ಪ್ರೋಟೀನ್‌ನ ಲವಲೇಶ ಉಳಿದಿರಬಹುದು. ತೀವ್ರ ಅಲರ್ಜಿ ಇರುವವರು ಅದನ್ನೂ ವೈದ್ಯರನ್ನು ಕೇಳಿಯೇ ಬಳಸಬೇಕು.

ತುರ್ತು ಸಂದರ್ಭದಲ್ಲಿ

ಉಸಿರಾಟಕ್ಕೆ ಕಷ್ಟ, ಉಬ್ಬಸ, ಧ್ವನಿ ಕಟ್ಟುವುದು, ನಾಲಿಗೆ ಊದುವುದು, ಮಗು ಬಿಳಿಚಿ ಸೋತುಹೋಗುವುದು ಇವು ಅನಾಫಿಲಾಕ್ಸಿಸ್‌ನ ಲಕ್ಷಣಗಳು. ಮೊದಲ ಔಷಧ ಅಡ್ರಿನಲಿನ್ ಇಂಜೆಕ್ಷನ್, ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ಅಲರ್ಜಿಯ ಸಿರಪ್ ತುರಿಕೆಗೆ ಮಾತ್ರ, ಕಟ್ಟಿದ ಉಸಿರನ್ನು ಅದು ಬಿಡಿಸುವುದಿಲ್ಲ. 112ಕ್ಕೆ ಕರೆ ಮಾಡಿ ಅಥವಾ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಮಗುವನ್ನು ಮಲಗಿಸಿ ಕಾಲು ಮೇಲೆತ್ತಿ ಇಡಿ, ಉಸಿರಾಟ ಕಷ್ಟವಾದರೆ ಕೂರಿಸಿ, ಆದರೆ ನಡೆಸಬೇಡಿ. ಲಕ್ಷಣಗಳು ಇಳಿದು ಕೆಲವು ಗಂಟೆಗಳ ನಂತರ ಮರುಕಳಿಸುವುದುಂಟು, ಹಾಗಾಗಿ ಆಸ್ಪತ್ರೆಯಲ್ಲಿ ನಿಗಾ ಅಗತ್ಯ.

ಇದು ಜೀವನಪೂರ್ತಿ ಇರುತ್ತದೆಯೇ?

ಬಹುಪಾಲು ಮಕ್ಕಳಲ್ಲಿ ಇಲ್ಲ. ಡೆನ್ಮಾರ್ಕ್‌ನಲ್ಲಿ 1985ರಲ್ಲಿ ಹುಟ್ಟಿದ 1,749 ಶಿಶುಗಳನ್ನು ಗಮನಿಸಿದಾಗ 39 ಶಿಶುಗಳಲ್ಲಿ, ಅಂದರೆ ಶೇ. 2.2ರಷ್ಟರಲ್ಲಿ ಹಾಲಿನ ಅಲರ್ಜಿ ಕಂಡಿತು. ಅವರಲ್ಲಿ ಶೇ. 56 ಮಕ್ಕಳು ಒಂದು ವರ್ಷಕ್ಕೆ, ಶೇ. 77 ಎರಡು ವರ್ಷಕ್ಕೆ, ಶೇ. 87 ಮೂರು ವರ್ಷಕ್ಕೆ ಗುಣವಾದರು. ತಕ್ಷಣದ ಬಗೆಯ ಅಲರ್ಜಿ ಇದ್ದು ದೊಡ್ಡ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಇದು ನಿಧಾನ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 2007ರಲ್ಲಿ ಪ್ರಕಟಿಸಿದಂತೆ, 4 ವರ್ಷಕ್ಕೆ ಶೇ. 19, 8 ವರ್ಷಕ್ಕೆ ಶೇ. 42, 16 ವರ್ಷಕ್ಕೆ ಶೇ. 79 ಮಕ್ಕಳ ಅಲರ್ಜಿ ಹೋಗಿತ್ತು.

ಆದ್ದರಿಂದ ಹಾಲು-ಮೊಸರು ಬಿಡಿಸಿದ ಮೇಲೆ ಅಲ್ಲಿಗೇ ಮರೆತುಬಿಡುವುದೂ ತಪ್ಪು. ವೈದ್ಯರು ಹೇಳಿದ ಅವಧಿಗೆ ಮತ್ತೆ ಹೋಗಿ, ಅಲರ್ಜಿ ಇನ್ನೂ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಅಜ್ಜಿ ಹೇಳಿದ ಮೊಸರನ್ನ ಮಗುವಿನ ತಟ್ಟೆಗೆ ಮರಳುವ ದಿನ ಬಹುತೇಕ ಮನೆಗಳಲ್ಲಿ ಬಂದೇ ಬರುತ್ತದೆ. ಆ ದಿನ ಯಾವುದೆಂದು ವೈದ್ಯರ ಬಳಿ ಕೇಳಿ ತಿಳಿಯಿರಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಮಗುವಿನ ಆಹಾರದಲ್ಲಿ ಯಾವುದೇ ಬದಲಾವಣೆ ಮಾಡುವ ಮೊದಲು ಮಕ್ಕಳ ತಜ್ಞರು ಅಥವಾ ಅಲರ್ಜಿ ತಜ್ಞರನ್ನು ಸಂಪರ್ಕಿಸಿ.)